ಅಣ್ಣನ ಅಫೀಮು ಬಿಡಿಸಿದ ಡಾಕ್ಟರು

ಈ ಬೇಸಿಗೆಯಲ್ಲಿ ನಾನು ನನ್ನ ಸ್ವಂತ ಅಣ್ಣನನ್ನು ಹಗ್ಗದಿಂದ ಎತ್ತಿನ ಗಾಡಿಗೆ ಕಟ್ಟಿಹಾಕಿ ನೆಲೋಗಿಯಿಂದ ಅಫಜಲಪುರಕ್ಕೆ, ಅಲ್ಲಿಂದ ಆಳಂದಕ್ಕೆ ಕರೆತಂದೆ.

ಹೌದು, ಕಟ್ಟಿಹಾಕಿ. ಕೋರ್ಟಿನಲ್ಲಿ ಕರಿ ಕೋಟು ಹಾಕಿಕೊಂಡು ಕಾನೂನಿನ ಮಾತಾಡುವ ಇದೇ ನಾನು.

ದಾರಿಯುದ್ದಕ್ಕೂ ಜನ ಕೇಳಿದರು. ಚೌಡಾಪುರದಲ್ಲಿ ಎತ್ತಿಗೆ ನೀರು ಕುಡಿಸಲು ಗಾಡಿ ನಿಲ್ಲಿಸಿದಾಗ ರಸ್ತೆ ಬದಿಯ ಚಹಾದಂಗಡಿಯ ಮುದುಕ ಎದ್ದು ಬಂದು ಗಾಡಿಯೊಳಗೆ ಇಣುಕಿದ. "ಹುಚ್ಚು ಹಿಡದದೇನ್ರಿ?" ಅಂದ. ಇಲ್ಲ ಅಂದೆ. "ಕಳವು ಮಾಡ್ಯಾನೇನು?" ಅದೂ ಇಲ್ಲ ಅಂದೆ. "ಮತ್ತ ಯಾರ್ರಿ ಇಂವ?"

"ಸಿಪಾಯಿ" ಅಂದೆ. "ಬರ್ಮಾದಾಗ ಲಡಾಯಿ ಮಾಡಿ ಬಂದಾನ."

ಮುದುಕ ಅಂಗಡಿಯೊಳಗೆ ಹೋದ. ಒಂದು ಕಪ್ಪು ಚಹಾ ತಂದು ಅಣ್ಣನ ಬಾಯಿಗೆ ತಾನೇ ಹಿಡಿದ. ಅಣ್ಣನ ಹಲ್ಲು ಕಪ್ಪಿನ ಅಂಚಿಗೆ ಕಟಕಟ ಬಡಿಯುತ್ತಿದ್ದವು. ಅರ್ಧ ಚಹಾ ಎದೆಯ ಮೇಲೆ ಚೆಲ್ಲಿತು. ಸುಡುವ ಬಿಸಿಲಿನಲ್ಲಿ ಅವನಿಗೆ ಚಳಿ!

ಕಟ್ಟು ಅಂತ ಹೇಳಿದವನೂ ಅವನೇ. ಅದನ್ನು ಮೊದಲು ಹೇಳಬೇಕು.

ಬಸಣ್ಣ ನನಗಿಂತ ನಾಲ್ಕು ವರ್ಷ ದೊಡ್ಡವನು. ನಾನು ಓದಿ ವಕೀಲನಾಗಿ ಆಳಂದ ಸೇರಿದೆ. ಅವನು ಸೊಲ್ಲಾಪುರಕ್ಕೆ ಹೋಗಿ ಅಂಗ್ರೇಜರ ಫೌಜಿಗೆ ಸೇರಿದ. ಹವಾಲ್ದಾರನಾದ. ಬರ್ಮಾದ ಗಡಿಯಲ್ಲಿ ತೊಡೆಗೆ ಗುಂಡು ಬಿತ್ತು. ಮಿಲಿಟರಿ ದವಾಖಾನೆಯಲ್ಲಿ ತಿಂಗಳುಗಟ್ಟಲೆ ಮಲಗಿದ. ಕಿರುಚಿದಾಗಲೆಲ್ಲ ಒಂದು ಇಂಜೆಕ್ಷನ್ ಕೊಟ್ಟರು. ಕಿರುಚುವುದು ನಿಂತಿತು, ಗಾಯ ಮಾಯ್ದಿತು, ಯುದ್ಧವೂ ಮುಗಿಯಿತು. ಆ ಔಷಧಿ ಬೇಕು ಅನ್ನುವುದು ಮಾತ್ರ ಮುಗಿಯಲಿಲ್ಲ. ಎದೆಗೆ ಒಂದು ಮೆಡಲು, ಕೈಗೆ ಒಂದಿಷ್ಟು ಗುಳಿಗೆ ಕೊಟ್ಟು ಮನೆಗೆ ಕಳಿಸಿದರು. ಗುಳಿಗೆ ತೀರಿದ ಮೇಲೆ? ಊರಿನಲ್ಲಿ ಸರ್ಕಾರದ ಪರವಾನಗಿ ಪಡೆದ ಅಫೀಮಿನ ಠೇಕಾ ಇದೆಯಲ್ಲ. ಜೋಳ ಸಿಗದ ದಿನವೂ ಅಲ್ಲಿ ಮಾಲು ಸಿಗುತ್ತಿತ್ತು.

ನೆಲೋಗಿಯ ಜನ ಮೊದಲು ಅವನನ್ನು ಹವಾಲ್ದಾರ್ ಸಾಹೇಬರು ಅಂದರು. ಆಮೇಲೆ ಬಸಣ್ಣ ಅಂದರು. ಆಮೇಲೆ ಅಫೀಮಿನ ಬಸ್ಯಾ ಅಂದರು. ಎರಡು ವರ್ಷ ಸಾಕಾಯಿತು ಅಷ್ಟಕ್ಕೆ.

(ಕಳೆದ ವರ್ಷ, ಹೈದರಾಬಾದು ದಿಲ್ಲಿಗೆ ಸೇರಬೇಕೋ ಬೇಡವೋ ಅಂತ ಗದ್ದಲ ಶುರುವಾದಾಗ ಅವನಿಗೆ ಮತ್ತೆ ಸ್ವಲ್ಪ ದಿನ ಮರ್ಯಾದೆ ಬಂದಿತ್ತು. ಬಂದೂಕು ಹಿಡಿಯುವುದು ಕಲಿಸಿ ಕೊಡ್ರಿ ಅಂತ ಆ ಕಡೆಯವರೂ ಬಂದರು, ಈ ಕಡೆಯವರೂ ಬಂದರು. ನಡುಗುವ ಕೈ ನೋಡಿ ಇಬ್ಬರೂ ವಾಪಸು ಹೋದರು. ನಿನಗೇನಾಗಿದೆ ಅಂತ ಇಬ್ಬರಲ್ಲಿ ಒಬ್ಬನೂ ಕೇಳಲಿಲ್ಲ.)

ಏಪ್ರಿಲ್ ತಿಂಗಳಲ್ಲಿ ನನಗೆ ನೆಲೋಗಿಯಿಂದ ಹೇಳಿಕೆ ಬಂತು. ಬೇಗ ಬರಬೇಕಂತೆ. ಯಾರೋ ಸತ್ತರು ಅಂದುಕೊಂಡೇ ಹೋದೆ.

ಯಾರೂ ಸತ್ತಿರಲಿಲ್ಲ. ಸಾಯುವುದು ಸ್ವಲ್ಪದರಲ್ಲಿ ತಪ್ಪಿತ್ತು.

ಅತ್ತಿಗೆ ಗಂಗವ್ವ ಹೊಲಕ್ಕೆ ಬುತ್ತಿ ಒಯ್ದಿದ್ದಳು. ವರ್ಷದ ಮಗಳು ಅಣ್ಣನ ಹತ್ತಿರ ಇದ್ದಳು. ಹಲ್ಲು ಬರುವ ಕೂಸು, ಒಂದೇ ಸಮನೆ ಅಳುತ್ತಿತ್ತು. ಅಳು ಕೇಳಲಾರದೆ ಇವನು ಬೆರಳ ತುದಿಗೆ ಒಂಚೂರು ಅಫೀಮು ಹಚ್ಚಿ ಅದಕ್ಕೆ ನೆಕ್ಕಿಸಿದ. ಕೂಸು ಮಲಗಿತು. ಇವನೂ ಮಲಗಿದ. ಅತ್ತಿಗೆ ಬಂದು ನೋಡಿದಾಗ ಕೂಸಿನ ತುಟಿ ನೀಲಿಯಾಗಿತ್ತು.

ಓಣಿಯ ಹೆಂಗಸರು ಸೇರಿ ತಣ್ಣೀರು ಚಿಮುಕಿಸಿ, ಬೆನ್ನು ತಿಕ್ಕಿ, ಅಂಗಾಲು ಹೊಡೆದು ಸಂಜೆವರೆಗೆ ಅದನ್ನು ಮಲಗಗೊಡದೆ ಎಚ್ಚರಿಸಿದರಂತೆ. ಕೊನೆಗೆ ಅತ್ತಿತಂತೆ. ಮಗು ಅತ್ತಿತು ಅಂತ ಓಣಿಗೆ ಓಣಿಯೇ ನಿಟ್ಟುಸಿರು ಬಿಟ್ಟಿದ್ದನ್ನು ನೀವು ಎಲ್ಲಾದರೂ ಕೇಳಿದ್ದೀರಾ?

ನಾನು ಹೋದಾಗ ಅಣ್ಣ ದನದ ಕೊಟ್ಟಿಗೆಯಲ್ಲಿ ಕೂತಿದ್ದ. ಮನೆಯೊಳಗೆ ಬರಲು ಅತ್ತಿಗೆ ಬಿಟ್ಟಿರಲಿಲ್ಲ. ನನ್ನ ಮುಖ ನೋಡದೆ ಹೇಳಿದ:

"ತಮ್ಮಾ, ನನ್ನ ಎಲ್ಲಿಗ್ಯರ ಒಯ್ಯಿ. ಬಿಡಿಸು. ಹಾದ್ಯಾಗ ನಾ ಓಡಿ ಹೋಗ್ತೇನಿ, ಅದು ನನಗ ಗೊತ್ತದ. ಅದಕ್ಕ ಕಟ್ಟು. ನಾ ಬೈದ್ರೂ ಬಿಚ್ಚಬ್ಯಾಡ. ಅತ್ರೂ ಬಿಚ್ಚಬ್ಯಾಡ."

ಮೊದಲು ಜೇವರ್ಗಿಯ ಒಬ್ಬ ಡಾಕ್ಟರರ ಹತ್ತಿರ ಕರೆದೊಯ್ದೆ. ಅವರು ನಾಡಿ ಹಿಡಿದು ನೋಡಿ, ವಿಷಯ ಕೇಳಿ, ಕೈ ತೊಳೆದುಕೊಂಡರು. "ಇದು ಹ್ಯಾಬಿಟ್ ವಕೀಲರ, ಡಿಸೀಸ್ ಅಲ್ಲ. ಜ್ವರಕ್ಕ ದವಾ ಕೊಡಬಹುದು, ಚಟಕ್ಕ ಏನು ಕೊಡ್ಲಿ? ಮನಸು ಗಟ್ಟಿ ಮಾಡ್ಕೋ ಅಂತ ಹೇಳ್ರಿ."

ಗುಂಡು ತಿಂದವನಿಗೆ ಮನಸ್ಸು ಗಟ್ಟಿ ಮಾಡಿಕೋ ಅನ್ನುವ ಉಪದೇಶ! ಅದೂ ಆಳು ಎಳೆಯುವ ಪಂಖಾದ ಕೆಳಗೆ ಕೂತು.

ಆಮೇಲೆ ಯಾರೋ ಹೇಳಿದರು, ಅಫಜಲಪುರದಲ್ಲಿ ಒಬ್ಬ ದೊಡ್ಡ ಅಧಿಕಾರಿ ಮುಕ್ಕಾಂ ಬಂದಿದ್ದಾರೆ, ಅವರು ಮನಸ್ಸು ಮಾಡಿದರೆ ಹೈದರಾಬಾದಿನ ದೊಡ್ಡ ದವಾಖಾನೆಗೆ ಸೇರಿಸಬಹುದು ಅಂತ. ಗಡಿಯಾಚೆಯ ಸೊಲ್ಲಾಪುರ ಹತ್ತಿರವಿತ್ತು. ಆದರೆ ಆ ದಿನಗಳಲ್ಲಿ ಗಡಿಯ ನಾಕಾ ದಾಟುವುದು ಯಾರಿಗೆ ಸಾಧ್ಯವಿತ್ತು? (ಈ ಅಂಕಣ ಅಷ್ಟು ದಿನ ನಿಮಗೆ ಕಾಣದೇ ಹೋಗಿದ್ದೂ ಅದಕ್ಕೇ. ನಾನು ಬರೆಯುತ್ತಿದ್ದೆ, ಟಪಾಲು ಗಡಿಯಲ್ಲೇ ಮಲಗುತ್ತಿತ್ತು.) ಅದರಲ್ಲೂ ಇವನು ಫೌಜಿನಲ್ಲಿದ್ದವನು. ಆ ಕಡೆ ಹೋಗಿ ಬಂದೂಕು ಹಿಡಿಯುತ್ತಾನೆ ಅಂತ ಹಿಡಿದು ಒಳಗೆ ಹಾಕುತ್ತಿದ್ದರು. ಸರಿ, ಅಫಜಲಪುರವೇ ಗತಿ. ಅಣ್ಣನನ್ನು ಕಟ್ಟಿದ ಗಾಡಿ ಭೀಮೆಯ ಮರಳಿನಲ್ಲಿ ಇಳಿದು, ಮೊಣಕಾಲುದ್ದ ನೀರು ದಾಟಿ ಹತ್ತಿದ್ದು ಆಗ. ಅತ್ತಿಗೆ ಕೂಸನ್ನು ಸೊಂಟಕ್ಕೆ ಕಟ್ಟಿಕೊಂಡು ಗಾಡಿಯ ಹಿಂದೆ ನಡೆದೇ ಬಂದಳು. ಹತ್ತು ಅಂದರೆ ಹತ್ತಲಿಲ್ಲ.

ಅಧಿಕಾರಿ ಸಾಹೇಬರು ಬಂಗಲೆಯ ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನಾನು ಕೈಮುಗಿದು ಎಲ್ಲ ಹೇಳಿದೆ.

"ಯಾವ ಫೌಜು?" ಅಂದರು.

"ಅಂಗ್ರೇಜರ ಫೌಜುರಿ."

"ಅಂದ್ರ ನಮ್ಮ ಸರ್ಕಾರದ್ದಲ್ಲ."

"ಅಲ್ರಿ. ಖರೆ ಆಗ ಅವರೂ ನಿಮ್ಮ ಸರ್ಕಾರದವರೂ ದೋಸ್ತರಿದ್ರಲ್ರಿ ಸಾಹೇಬ್ರ."

"ಈಗೆಲ್ಲಿ ಅದಾರ ಆ ಅಂಗ್ರೇಜರು?"

"ಹೋದ್ರುರಿ."

"ಮತ್ತ ನನಗ್ಯಾಕ ಕೇಳ್ತೀರಿ?"

ವಕೀಲಿ ಶುರುಮಾಡಿದ ಮೇಲೆ ಎಷ್ಟೋ ಕೇಸು ಸೋತಿದ್ದೇನೆ. ಇಷ್ಟು ಬೇಗ ಯಾವುದನ್ನೂ ಸೋತಿರಲಿಲ್ಲ. ಅವನನ್ನು ಲಡಾಯಿಗೆ ಕಳಿಸಿದ ಸರ್ಕಾರ ಹಡಗು ಹತ್ತಿ ಹೋಗಿತ್ತು. ಎದುರಿಗಿದ್ದ ಸರ್ಕಾರ ಇವನು ನಮ್ಮವನಲ್ಲ ಅಂದಿತು. ದಿಲ್ಲಿಯ ಹೊಸ ಸರ್ಕಾರ ನಾಕಾದ ಆಚೆ ಇತ್ತು. ಕಾಲು ಮಾತ್ರ ಅಣ್ಣನದೇ. ಅದು ಕುಂಟುತ್ತಲೇ ಇತ್ತು.

ಗಾಡಿಯ ಹತ್ತಿರ ಬಂದಾಗ ಅಣ್ಣ ಹೊಟ್ಟೆ ಹಿಡಿದುಕೊಂಡು ಮುದುಡಿ ಬಿದ್ದಿದ್ದ. ಕಣ್ಣು, ಮೂಗು ಎಲ್ಲ ಸೋರುತ್ತಿದ್ದವು. ಮೈಮೇಲಿನ ಕೂದಲೆಲ್ಲ ನಿಮಿರಿದ್ದವು. ಬಟ್ಟೆ ಹೊಲಸಾಗಿತ್ತು. ಅತ್ತಿಗೆ ಸೆರಗಿನಿಂದ ಒರೆಸುತ್ತಿದ್ದಳು. ಅವನು ನನಗೆ ಬೈದ. ನಮ್ಮ ತಾಯಿಗೂ ಬೈದ. ಹೇಳಿದ ಹಾಗೆಯೇ ಅತ್ತ. ನಾನು ಬಿಚ್ಚಲಿಲ್ಲ.

ಆಳಂದಕ್ಕೆ ಬಂದ ಮೇಲೆ ನನಗೆ ಉಳಿದದ್ದು ಒಬ್ಬರೇ, ಯೂಸುಫ್ ಡಾಕ್ಟರರು. ಯುದ್ಧದ ನಂತರ ಊರಿಗೆ ಮರಳಿ ಪೇಟೆಯ ಕೊನೆಗೆ ಸಣ್ಣ ದವಾಖಾನೆ ಇಟ್ಟಿದ್ದರು. ಮಾತು ಕಡಿಮೆ. ಆಳಂದದಲ್ಲಿ ಅವರ ಸೂಜಿ ಚುಚ್ಚಿಸಿಕೊಳ್ಳದ ತೋಳು ಸಿಗುವುದು ಕಷ್ಟ.

ಅವರು ಗಾಡಿಯ ಹತ್ತಿರ ತಾವೇ ಬಂದರು. ಅಣ್ಣನ ಕಣ್ಣರೆಪ್ಪೆ ಎತ್ತಿ ನೋಡಿದರು. ತೊಡೆಯ ಗಾಯ ನೋಡಿದರು. "ಎಲ್ಲಿ ಬಿತ್ತು ಗುಂಡು?" ಅಂದರು. ಅಣ್ಣ ಜಾಗದ ಹೆಸರು ಹೇಳಿದ. ಡಾಕ್ಟರರು ನನ್ನ ಕಡೆ ತಿರುಗಿದರು.

"ಹಗ್ಗ ಬಿಚ್ಚರಿ ವಕೀಲ್ ಸಾಬ್."

"ಓಡಿ ಹೋಗ್ತಾನ್ರಿ."

"ಹೋಗಂಗಿಲ್ಲ. ಬಿಚ್ಚರಿ." ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು. "ನಾನೂ ಆ ಕಡೀನೇ ಇದ್ದೆ. ಮಿಲಿಟರಿ ಡಾಕ್ಟರ್. ಇಂಥಾ ಇಂಜೆಕ್ಷನ್ ನಾನೇ ಎಷ್ಟೋ ಮಂದಿಗಿ ಕೊಟ್ಟೇನಿ. ಒದರೋ ಜವಾನರನ್ನ ಸುಮ್ಮ ಮಾಡಾಕ ನಮ್ಮ ಹತ್ರ ಬ್ಯಾರೆ ಏನೂ ಇರಲಿಲ್ಲ. ಹೆಂಗ ಕೊಡಬೇಕು ಅಂತ ಕಲಿಸಿದ್ರು. ಹೆಂಗ ಬಿಡಿಸಬೇಕು ಅಂತ ಯಾರೂ ಕಲಿಸಲಿಲ್ಲ."

"ಮತ್ತ ನಿಮಗ ಬರ್ತದೇನ್ರಿ?" ಅತ್ತಿಗೆ ಕೇಳಿದಳು. ಅಷ್ಟು ದೂರದಿಂದ ಬಂದವಳ ಮೊದಲ ಮಾತು.

"ಕಲೀತೇನಿ ತಾಯಿ" ಅಂದರು ಡಾಕ್ಟರರು.

ದವಾಖಾನೆಯ ಹಿಂದಿನ ಖೋಲಿಯಲ್ಲಿ ಅಣ್ಣನನ್ನು ಇಟ್ಟುಕೊಂಡರು. ಒಮ್ಮೆಲೇ ಬಿಡಿಸಿದರೆ ಜೀವಕ್ಕೆ ಅಪಾಯ, ಸ್ವಲ್ಪ ಸ್ವಲ್ಪವೇ ಇಳಿಸಬೇಕು ಅಂದರು. ಹಾಗಾಗಿ ಅಫೀಮು ಬಿಡಿಸಲು ಅಫೀಮೇ ಬೇಕಾಯಿತು. ಸಾಕಾಗುವಷ್ಟನ್ನು ಒಂದೇ ಸಲ ತರಲು ಠೇಕಾಕ್ಕೆ ನಾನೇ ಹೋದೆ. ಇಡೀ ಮೂರು ತಾಲ್ಲೂಕಿನಲ್ಲಿ ನನಗೆ "ಬರ್ರಿ, ಕುಂದರ್ರಿ" ಅಂತ ಮರ್ಯಾದೆಯಿಂದ ಕರೆದ ಒಂದೇ ಜಾಗ ಅದು!

ಡಾಕ್ಟರರು ಅದನ್ನು ಯಾವುದೋ ಕಹಿ ಕಷಾಯದಲ್ಲಿ ಕರಗಿಸಿ ಬಾಟಲಿಗೆ ತುಂಬುತ್ತಿದ್ದರು. ಬಾಟಲಿ ಅತ್ತಿಗೆಯ ಕೈಯಲ್ಲಿ. ಅವಳು ಕೊಟ್ಟಷ್ಟೇ ಅವನು ಕುಡಿಯಬೇಕು.

ಊರು ಸುಮ್ಮನಿತ್ತೇ? ನಮ್ಮವರೇ ಒಬ್ಬರು ಕೋರ್ಟಿನ ಅಂಗಳದಲ್ಲಿ ನನ್ನನ್ನು ಬದಿಗೆ ಕರೆದರು. "ಏನ್ರಿ ವಕೀಲರ, ಅಣ್ಣನ್ನ ಒಯ್ದು ಮುಸಲ್ಮಾನರ ಮನ್ಯಾಗ ಇಟ್ಟೀರಂತ? ಊಟ ಗೀಟ?" ಊಟ ನನ್ನ ಮನೆಯಿಂದಲೇ ಹೋಗುತ್ತಿತ್ತು. ಆದರೆ ಹಾಗಂತ ಅವರಿಗೆ ಹೇಳಬೇಕೆನಿಸಲಿಲ್ಲ. "ನಿಮ್ಮ ಮನ್ಯಾಗ ಇಟ್ಕೋತೀರಾ?" ಅಂದೆ. ಅವರಿಗೆ ತಟ್ಟನೆ ಕೇಸಿನ ನೆನಪಾಯಿತು.

ಮೊದಲ ವಾರಗಳನ್ನು ವಿವರಿಸುವುದು ಬೇಡ. ಒಂದು ದಿನ ಮಾತ್ರ ಹೇಳುತ್ತೇನೆ. ಮಧ್ಯಾಹ್ನ ನಾನು ಬುತ್ತಿ ಹಿಡಿದು ಹೋದಾಗ ಅಣ್ಣ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ. ಬಾಟಲಿ ಕೊಡು ಅಂತ ಅತ್ತಿಗೆಯ ಕಾಲು ಹಿಡಿದ. ಹೊಡೆಯಲು ಕೈಯನ್ನೂ ಎತ್ತಿದ. ಅವಳು ಬಾಟಲಿಯನ್ನು ಬೆನ್ನ ಹಿಂದೆ ಹಿಡಿದು ನಿಂತಲ್ಲಿಂದ ಕದಲಲಿಲ್ಲ.

"ಬರ್ಮಾದಾಗ ಸತ್ತಿದ್ರ ಒಂದ್ಸಲ ಅತ್ತು ಸುಮ್ಮನಾಗ್ತಿದ್ದೆ" ಅಂದಳು. "ದಿನಾ ಸಾಯಾಕತ್ತೀರಿ. ದಿನಾ ಅಳಾಕ ನನ್ನ ಕಡೆ ಕಣ್ಣೀರಿಲ್ರಿ."

ಎತ್ತಿದ ಕೈ ಕೆಳಗಿಳಿಯಿತು. ಅವನು ಗೋಡೆಗೆ ಮುಖ ಮಾಡಿ ಮಲಗಿದ. ಬಾಗಿಲಲ್ಲಿ ಡಾಕ್ಟರರು ನಿಂತಿದ್ದರು. ಅವರ ಕಡೆ ತಿರುಗದೆಯೇ ಅಣ್ಣ ಹೇಳಿದ, "ಕಾಲಿನ ಬ್ಯಾನಿಗಿ ಅಲ್ರಿ ಡಾಕ್ಟರ್ ಸಾಬ್. ಕಾಲು ಎಂದೋ ಮಾದದ. ಕಣ್ಣು ಮುಚ್ಚಿದ್ರ ನನ್ನ ಜೋಡಿ ಇದ್ದವರು ಬರ್ತಾರ. ನೀರು ಕೇಳ್ತಾರ. ಅವರಿಗಾಗಿ ತಗೋತಿದ್ದೆ."

ನಾವು ಅಣ್ಣ ತಮ್ಮಂದಿರು. ಒಂದೇ ತಟ್ಟೆಯಲ್ಲಿ ಉಂಡವರು. ಎರಡು ವರ್ಷದಲ್ಲಿ ಈ ಮಾತನ್ನು ಅವನು ನನಗೆ ಹೇಳಿರಲಿಲ್ಲ. ಡಾಕ್ಟರರು ಒಳಗೆ ಹೋಗಿ ಅವನ ಪಕ್ಕ ನೆಲದ ಮೇಲೆ ಕೂತರು. "ನನ್ನ ಕಡೀನೂ ಬರ್ತಾರ ಬಸಣ್ಣ" ಅಂದರು. ಅಷ್ಟೇ. ನಾನು ಬುತ್ತಿ ಇಟ್ಟು ಹೊರಗೆ ಬಂದೆ.

ಮಳೆಗಾಲ ಶುರುವಾಗಿ, ಹೊಲದಲ್ಲಿ ಹೆಸರುಕಾಳಿನ ಗಿಡ ಕಾಯಿ ಕಟ್ಟುವ ಹೊತ್ತಿಗೆ ಅಣ್ಣನ ಮುಖಕ್ಕೆ ರಕ್ತ ಬಂತು. ಒಂದು ದಿನ ಅವನಾಗಿಯೇ "ಗಂಗಿ, ಹಸಿವು ಆಗ್ಯಾದ" ಅಂದನಂತೆ. ಖಾರ ಹಾಕಿದ ಪುಂಡಿಪಲ್ಯ ಬೇಕು ಅಂದನಂತೆ. ಅತ್ತಿಗೆ ನನ್ನ ಮನೆಗೆ ಓಡಿ ಬಂದು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತ ಗೊಳೋ ಅಂತ ಅತ್ತಳು. ಕಣ್ಣೀರಿಲ್ಲ ಅಂದವಳು! ಆಮೇಲಾಮೇಲೆ ಅಣ್ಣ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ದವಾಖಾನೆಯ ಮುಂದೆ ಕುಂಟುತ್ತ ತಿರುಗಾಡತೊಡಗಿದ. ಅತ್ತಿಗೆ ಕಣ್ಣು ತೆಗೆಯದೆ ನೋಡುತ್ತ ನಿಲ್ಲುತ್ತಿದ್ದಳು. ಮಗುವನ್ನು ಅವನ ಕೈಗೆ ಕೊಟ್ಟಿದ್ದಳು, ಇನ್ನೂ ಬಿಟ್ಟುಕೊಟ್ಟಿರಲಿಲ್ಲ.

ಇಲ್ಲಿಗೆ ಕತೆ ನಿಲ್ಲಿಸಬಹುದಿತ್ತು. ನಿಮಗೂ ಹಿತವಾಗುತ್ತಿತ್ತು.

ಸೆಪ್ಟೆಂಬರಿನಲ್ಲಿ ದಿಲ್ಲಿಯ ಮಿಲಿಟರಿ ಬಂತು. ಹಳೆ ಸರ್ಕಾರ ಹೋಯಿತು. ನಾವೆಲ್ಲ ಬೀದಿಗೆ ಬಂದು ಜೈಕಾರ ಹಾಕಿದೆವು. ನಾನೂ ಹಾಕಿದೆ, ಗಂಟಲು ಕಟ್ಟುವಷ್ಟು. ಅಷ್ಟು ತಿಂಗಳು ಬಾಗಿಲು ಹಾಕಿಕೊಂಡು ಬದುಕಿದವರಿಗೆ ಆ ಸಂತೋಷ ಗೊತ್ತು.

ಆ ಸಂತೋಷದ ಮಧ್ಯೆಯೇ ಯೂಸುಫ್ ಡಾಕ್ಟರರ ಬಾಗಿಲಿಗೆ ಕಲ್ಲು ಬಿತ್ತು.

ಅದಕ್ಕೂ ಹಿಂದೆ ಹಳೆ ಸರ್ಕಾರದ ಪರ ಬಂದೂಕು ಹಿಡಿದು ತಿರುಗಿದವರು ನಮ್ಮ ಹಳ್ಳಿಗಳಲ್ಲಿ ಏನೇನು ಮಾಡಿದರು ಎಂಬುದು ನನಗೆ ಗೊತ್ತಿದೆ. ನನ್ನ ಕಕ್ಷಿದಾರರ ಮನೆಗಳು ಸುಟ್ಟಿದ್ದನ್ನು ಕಣ್ಣಾರೆ ನೋಡಿದ್ದೇನೆ. ಆಮೇಲೆ ಸೇಡಿನ ಹೆಸರಿನಲ್ಲಿ ಅದೇ ಹಳ್ಳಿಗಳಲ್ಲಿ ಏನೇನು ನಡೆಯಿತು ಎಂಬುದೂ ಗೊತ್ತಿದೆ. ನಿಮಗೂ ಗೊತ್ತಿದೆ, ಮಾತಾಡುವುದಿಲ್ಲ ಅಷ್ಟೇ. ಆದರೆ ಡಾಕ್ಟರರು ಯಾರ ಮನೆಗೆ ಬೆಂಕಿ ಹಚ್ಚಿದ್ದರು? ಆ ತಿಂಗಳುಗಳಲ್ಲಿ ಗಾಯವಾದವರಿಗೆಲ್ಲ, ಯಾರ ಗಾಯ ಅಂತ ಕೇಳದೆ, ಹೊಲಿಗೆ ಹಾಕಿದ್ದರು. ಈಗ ಅದೂ ಅಪರಾಧವಾಗಿತ್ತು.

ಊರಿನ ದೊಡ್ಡವರ ಮನೆಗಳಿಗೆ ಹೋದೆ. ಒಂದು ಮಾತು ಹೇಳ್ರಿ, ನೀವು ಹೇಳಿದರೆ ಹುಡುಗರು ಕೇಳುತ್ತಾರೆ ಅಂದೆ. ಒಬ್ಬರ ತಾಯಿಯ ಕಣ್ಣನ್ನು ಉಳಿಸಿದವರು ಡಾಕ್ಟರರು. ಇನ್ನೊಬ್ಬರ ಸೊಸೆಯ ಹೆರಿಗೆ ಮಾಡಿಸಿದವರು. ಇಬ್ಬರೂ ನನಗೆ ಚಹಾ ಕೊಟ್ಟರು. "ಭಾಳ ಚಲೋ ಮನಷ್ಯಾರಿ" ಅಂದರು. "ಖರೆ ಈಗ ಹೊತ್ತು ಸರಿ ಇಲ್ಲ. ಸ್ವಲ್ಪ ದಿನ ಎಲ್ಲ್ಯರ ಹೋಗಿ ಇದ್ದು ಬರಾಕ ಹೇಳ್ರಿ."

ಅಣ್ಣ ಮಾತ್ರ ದವಾಖಾನೆಯ ಮೆಟ್ಟಿಲು ಬಿಟ್ಟು ಏಳಲಿಲ್ಲ. ಕೈಯಲ್ಲಿ ಊರುಗೋಲು ಬಿಟ್ಟರೆ ಏನೂ ಇಲ್ಲ. ಗುಂಪು ಬಂದಾಗ ಎದ್ದು ನಿಂತ. "ಇಂವರು ನನ್ನ ಜೀವ ಉಳಿಸ್ಯಾರ. ಒಳಗ ಹೋಗೋದಾದ್ರ ನನ್ನ ದಾಟಿ ಹೋಗ್ರಿ" ಅಂದ.

ಗುಂಪಿನಲ್ಲಿ ಯಾರೋ ನಕ್ಕರು. "ಲೇ, ಅಫೀಮಿನ ಬಸ್ಯಾಗ ಇನ್ನೂ ಇಳದಿಲ್ಲಲೇ!"

ಎಲ್ಲರೂ ನಕ್ಕರು. ನಗುತ್ತಲೇ ಅಂದು ವಾಪಸು ಹೋದರು. ಅವನ ಮಾತಿಗೆ ಹೆದರಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತೇನೋ. ನಾಳೆ ಬರುತ್ತೇವೆ ಅಂತ ಹೇಳಿ ಹೋದರು.

ಡಾಕ್ಟರರು ನಾಳೆಗೆ ಕಾಯಲಿಲ್ಲ. ಸಂಜೆಯ ಬಸ್ಸಿಗೆ ಹೆಂಡತಿ ಮಕ್ಕಳೊಂದಿಗೆ ಹೊರಟರು. ಎಲ್ಲಿಗೆ ಅಂತ ಹೇಳಲಿಲ್ಲ, ನಾವೂ ಕೇಳಲಿಲ್ಲ. ಟ್ರಂಕನ್ನು ಅಣ್ಣನೇ ಹೊತ್ತು ಬಸ್ಸಿನ ಮೇಲೆ ಹಾಕಿದ. ಅತ್ತಿಗೆ ಬಾಟಲಿಯನ್ನು ಮುಂದೆ ಹಿಡಿದು ಕೇಳಿದಳು, "ಇದು ಮುಗದ ಮ್ಯಾಲ ಏನು ಮಾಡ್ಲಿರಿ ಡಾಕ್ಟರ್ ಸಾಬ್? ಯಾರ ಕಡೆ ಹೋಗ್ಲಿ?"

ಅಷ್ಟೆಲ್ಲದರ ಮಧ್ಯೆಯೂ ಡಾಕ್ಟರರು ನಕ್ಕರು.

"ಬೀಸಾಕು ತಾಯಿ. ಅದರಾಗ ಬರೇ ಬೇವಿನ ಕಷಾಯ ಅದ. ಸುಮಾರು ದಿನದಿಂದ ನಾ ಅಫೀಮು ಹಾಕಿಲ್ಲ." ಆಮೇಲೆ ಅಣ್ಣನ ಕಡೆ ತಿರುಗಿ, "ನೀ ಎಂದೋ ಬಿಟ್ಟಿ ಬಸಣ್ಣ. ನಿನಗ ಗೊತ್ತಿರಲಿಲ್ಲ ಅಷ್ಟ" ಅಂದರು.

ಅಣ್ಣ ಕಾಲು ಜೋಡಿಸಿ ನಿಂತು ಸಲ್ಯೂಟ್ ಹೊಡೆದ. ಬಸ್ಸು ಹೊರಟಿತು. ಬಸ್ ನಿಲ್ದಾಣದಲ್ಲಿ ಇದ್ದವರು ಬೇರೆ ಕಡೆ ನೋಡುತ್ತಿದ್ದರು. ಅವರ ಕೈಗೆ ಆ ಹೊತ್ತಿನಲ್ಲಿ ಬೇಕಾದಷ್ಟು ಕೆಲಸವಿತ್ತು, ಬೀಡಿ ಹಚ್ಚುವುದು, ಧೋತರ ಸರಿಮಾಡಿಕೊಳ್ಳುವುದು.

ಅಣ್ಣ ಈಗ ನನ್ನ ಮನೆಯಲ್ಲೇ ಇದ್ದಾನೆ. ಅಫೀಮು ಮುಟ್ಟಿಲ್ಲ. ಕೆಲವು ದಿನ ಯಾರ ಜೊತೆಗೂ ಮಾತಾಡುವುದಿಲ್ಲ. ಆ ದಿನಗಳಲ್ಲಿ ಅತ್ತಿಗೆ ಮಗಳನ್ನು ಒಯ್ದು ಅವನ ತೊಡೆಯ ಮೇಲೆ ಕೂರಿಸಿ ತಾನು ಒಳಗೆ ಕೆಲಸಕ್ಕೆ ಹೋಗುತ್ತಾಳೆ. ಹೌದು, ಈಗ ಒಳಗೆ ಹೋಗುತ್ತಾಳೆ.

ಮೊನ್ನೆ ಸರಸಂಬಾದಿಂದ ಒಬ್ಬ ಹೆಣ್ಣುಮಗಳು ಬಂದಿದ್ದಳು. ಜೊತೆಗೆ ಕಂಬಳಿ ಹೊದ್ದು ನಡುಗುವ ಗಂಡ. ಅವನೂ ಫೌಜಿನಿಂದ ಬಂದವನು. ಪೇಟೆಯಲ್ಲಿ ಯಾರೋ ನಮ್ಮ ಮನೆ ತೋರಿಸಿದ್ದರು. "ಸಿಪಾಯಿಗೋಳ ಅಫೀಮು ಬಿಡಿಸೋ ಡಾಕ್ಟರು ಊರಾಗ ಅದಾರಂತಲ್ರಿ, ಅವರ ದವಾಖಾನಿ ಎಲ್ಲಿ ಅದರಿ?" ಅಂದಳು.

ನನಗಿಂತ ಮೊದಲು ಅಣ್ಣ ಹೇಳಿದ, "ಅವರು ಊರು ಬಿಟ್ಟು ಹೋದ್ರವ್ವಾ."

"ಅಯ್ಯ, ಯಾಕ ಹೋದ್ರುರಿ?"

ಅಣ್ಣ ನನ್ನ ಮುಖ ನೋಡಿದ. ನಮ್ಮ ಕಟ್ಟೆಯ ಮೇಲೆ ಕೂತು ಹರಟುತ್ತಿದ್ದ ಊರ ಹಿರಿಯರ ಮುಖವನ್ನು ನಾನು ನೋಡಿದೆ. ಅವರು ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿಕೊಂಡು ಎದ್ದರು.

ನೀವಾದರೂ ಆ ಹೆಣ್ಣುಮಗಳಿಗೆ ಹೇಳುತ್ತೀರಾ, ಯಾಕೆ ಹೋದರು ಅಂತ?